ಸಿಡ್ನಿಯಿಂದ ಇನ್ನೂ ಅಷ್ಟೇ ದೂರ

“ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಣ್ಣು. ಇನ್ನು ಇದರ ಮೇಲೆ ಮಾತು ಬೇಡ,” ಎಂದಳು ಲವಿನಿಯಾ.

ಅವಳ ತಮ್ಮ ಮನಾಸೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದು ಆ ಗುರುವಾರದ ನಸುಕಿನಲ್ಲಿ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಟೊಂಗಾದ ಫೂಅಮೋಟು ಊರಿನ ಅವನ ಮನೆಯಲ್ಲಿ ಹೆಂಗಸರು ಕುರ್ಚಿ ಮೇಜುಗಳನ್ನು ಹೊರಗೆ ಸಾಗಿಸಿ ನಡುಕೋಣೆಯ ತುಂಬ ಚಾಪೆ ಹಾಸುತ್ತಿದ್ದರು. ಮನಾಸೆಯ ಹೆಂಡತಿ ಫೂಸಿ ಬಾಗಿಲ ಬಳಿ ನಿಂತಿದ್ದಳು. ಸೂತಕದ ಹರಕು ಚಾಪೆಯನ್ನು ಎದೆಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡು, ರಾತ್ರಿಯೆಲ್ಲ ಗಂಡನ ಕೈ ಹಿಡಿದು ಕೂತಿದ್ದ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಅತ್ತಿಗೆಯ ಮಾತು ಕೇಳಿ ತಲೆ ಎತ್ತಿದಳು.

ತಮ್ಮನ ಸಾವಿನಲ್ಲಿ ಅಕ್ಕನೇ ಫಹು. ಸತ್ತವನ ತಲೆಯ ಪಕ್ಕ ಕೂರುವವಳು ಅವಳು. ಕಾಣಿಕೆಯಾಗಿ ಬಂದ ಒಳ್ಳೆಯ ಚಾಪೆ, ಬಣ್ಣದ ತೊಗಟೆಬಟ್ಟೆ ಅವಳ ಪಾಲು. ಯಾರು ಎಲ್ಲಿ ಕೂರಬೇಕು, ಯಾರು ಒಳಗೆ, ಯಾರು ಹೊರಗೆ, ಮಣ್ಣು ಯಾವಾಗ ಎಂಬುದೆಲ್ಲ ಅವಳ ಬಾಯಿಂದಲೇ ಬರಬೇಕು. ಹೆಂಡತಿಯ ಕಡೆಯವರಿಗೆ ಹಿತ್ತಲು. ಅಲ್ಲಿ ಅಡುಗೆಯ ಗುಂಡಿ, ಹೊಗೆ, ಹಂದಿ, ಗೆಣಸು. ನಮ್ಮ ದ್ವೀಪಗಳಲ್ಲಿ ಇದು ಹಿರಿಯರ ಕಾಲದಿಂದ ನಡೆದು ಬಂದದ್ದು, ಮತ್ತು ಒಳ್ಳೆಯ ಫಹು ಇರುವ ಮನೆಯಲ್ಲಿ ಅದು ದುಃಖಕ್ಕೆ ಒಂದು ಆಧಾರವೇ ಸರಿ. ಅಳುವವರು ಅಳುತ್ತಾರೆ, ತೀರ್ಮಾನಿಸುವ ಹೊರೆಯನ್ನು ಬೇರೊಬ್ಬಳು ಹೊರುತ್ತಾಳೆ. ಲವಿನಿಯಾ ಹೊರೆ ಹೊರುವವಳಲ್ಲ. ಹಕ್ಕನ್ನು ಮಾತ್ರ ಹೊತ್ತವಳು.

“ಅಕ್ಕಾ, ಸೇನಿ ಬರ್ಬೇಕಲ್ಲ,” ಎಂದಳು ಫೂಸಿ ಮೆಲ್ಲಗೆ. ಸೇನಿ ಅವಳ ಒಬ್ಬಳೇ ಮಗಳು. ಪರ್ತ್ ನಗರದಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಕೆಲಸಕ್ಕಿದ್ದಾಳೆ.

“ಬರ್ಲಿ. ಯಾರು ಬೇಡ ಅಂದ್ರು? ಇವತ್ತು ಗುರುವಾರ. ನನ್ನ ಮಗ ಸೆಮಿಸಿ ಆಕ್ಲೆಂಡಿಂದ ನಾಳೆ ಮಧ್ಯಾಹ್ನಕ್ಕೆ ಬಂದಿಳೀತಾನೆ. ಅವಳಿಗೇನು ಕಾಲು ನೋವಾ?”

“ಪರ್ತ್ ದೂರ ಅಕ್ಕಾ.”

“ದೂರ ಅಂತೆ, ದೂರ. ನಾನೇನು ಆಸ್ಟ್ರೇಲಿಯಾ ನೋಡಿಲ್ವಾ? ವಿಮಾನ ಹತ್ತಿ ಒಂದು ಊಟ ಮುಗಿಸಿ ಒಂದು ನಿದ್ದೆ ತೆಗೆಯೋ ಅಷ್ಟರಲ್ಲಿ ಸಿಡ್ನಿ ಬಂದುಬಿಡ್ತು. ನಿನ್ನ ಮಗಳಿಗೆ ಮನಸ್ಸು ದೂರ ಕಣೇ, ಊರಲ್ಲ.”

ಚಾಪೆ ಹಾಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಫೂಸಿ ಸುಮ್ಮನಾದಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳು ಕಲಿತ ಮೊದಲ ಪಾಠವೇ ಅದು, ಅತ್ತಿಗೆಯ ಎದುರು ಸುಮ್ಮನಾಗುವುದು.

ಆ ಮಾತಿನ ಹಿಂದೆ ಹಳೆಯ ಸಿಟ್ಟೊಂದಿತ್ತು. ಲವಿನಿಯಾಳ ಮಗಳ ಮದುವೆ ಸಿಡ್ನಿಯಲ್ಲಿ ನಡೆದಾಗ ಸೇನಿ ಚರ್ಚಿನ ವಿಧಿ ಮುಗಿದ ಮೇಲೆ, ಊಟದ ಹೊತ್ತಿಗೆ ಬಂದು ಮುಟ್ಟಿದ್ದಳು. ರಾತ್ರಿಪಾಳಿ ಮುಗಿಸಿ, ಉಟ್ಟ ಬಟ್ಟೆಯಲ್ಲೇ ವಿಮಾನ ಹತ್ತಿ, ಇಡೀ ಒಂದು ಖಂಡವನ್ನು ದಾಟಿ ಬಂದಿದ್ದಳು. ಆದರೆ ಲವಿನಿಯಾಳ ಕಣ್ಣಿಗೆ ಕಂಡದ್ದು ಒಂದೇ: ಆಸ್ಟ್ರೇಲಿಯಾದಲ್ಲೇ ಇರುವ ಸೋದರ ಸೊಸೆ, ಟೊಂಗಾದಿಂದ ಬಂದವರಿಗಿಂತ ತಡವಾಗಿ ಬಂದಳು! ಆಮೇಲೆ ಊರಿನ ಪ್ರತಿಯೊಂದು ಊಟದ ಪಂಕ್ತಿಯಲ್ಲೂ ಆ ಕತೆ ಬಡಿಸಲ್ಪಟ್ಟಿತು. ಯಾರೂ ಅದನ್ನು ಅಲ್ಲಗಳೆಯಲಿಲ್ಲ, ಏಕೆಂದರೆ ನಮ್ಮವರೆಲ್ಲ ಮಾಡುವ ತಪ್ಪೇ ಅದು. ನಮಗೆ ಆಸ್ಟ್ರೇಲಿಯಾ ಎಂದರೆ ಸಿಡ್ನಿ. ಅಣ್ಣ ತಮ್ಮಂದಿರು ಇರುವುದು ಅಲ್ಲಿ, ಕ್ರಿಸ್ಮಸ್ಸಿಗೆ ಪೆಟ್ಟಿಗೆಗಳು ಬರುವುದು ಅಲ್ಲಿಂದ, ನಮ್ಮ ವಿಮಾನ ಇಳಿಯುವುದು ಅಲ್ಲಿ. ಉಳಿದ ಊರುಗಳೆಲ್ಲ ಸಿಡ್ನಿಯ ಬಸ್ಸಿನ ಹಾದಿಯಲ್ಲೇ ಎಲ್ಲೋ ಇವೆ ಎಂದುಕೊಳ್ಳುತ್ತೇವೆ. ಇಪ್ಪತ್ತು ಮೈಲಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿ ಮುಗಿದುಹೋಗುವ ದ್ವೀಪದವರಿಗೆ, ಒಂದೇ ದೇಶದೊಳಗೆ ಸಾಗರದಷ್ಟು ಅಗಲದ ನೆಲವಿರಬಹುದೆಂದು ತೋಚುವುದಾದರೂ ಹೇಗೆ?

ಫೂಸಿ ಹಿತ್ತಲಿಗೆ ಹೋಗಿ ಮಗಳಿಗೆ ಫೋನು ಮಾಡಿದಳು. ಪರ್ತ್‌ನಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಅಪ್ಪನ ಸುದ್ದಿ ಕೇಳಿದ ಸೇನಿ ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಳ್ಳುತ್ತ, ದಾರಿ ಹುಡುಕುತ್ತೇನೆಂದು ಫೋನು ಇಟ್ಟಳು. ಅವಳು ಮತ್ತೆ ಕರೆ ಮಾಡುವಷ್ಟರಲ್ಲಿ ಇಲ್ಲಿ ಬಿಸಿಲೇರಿತ್ತು.

“ಅಮ್ಮಾ, ಕೇಳು. ಆಕ್ಲೆಂಡ್ ಮೂಲಕ ಬರೋ ವಿಮಾನ ಈಗ ಎಲ್ಲ ಭರ್ತಿ. ಚರ್ಚಿನ ಸಮ್ಮೇಳನಕ್ಕೆ ಜನ ಬರ್ತಿದಾರಲ್ಲ. ಇವತ್ತು ರಾತ್ರಿ ಇಲ್ಲಿಂದ ಸಿಡ್ನಿಗೆ ಹೊರಡ್ತೀನಿ. ಅದೇ ಮೂರು ಸಾವಿರದ ಮುನ್ನೂರು ಕಿಲೋಮೀಟರು. ಅಲ್ಲಿಂದ ಊರಿಗೆ ಇನ್ನೂ ಮೂರು ಸಾವಿರದ ಆರುನೂರು. ಆದ್ರೆ ಸಿಡ್ನಿಯಿಂದ ಶನಿವಾರದ ತನಕ ವಿಮಾನವೇ ಇಲ್ಲಮ್ಮಾ. ಶನಿವಾರ ಸಂಜೆ ಕತ್ತಲಾಗೋ ಹೊತ್ತಿಗೆ ಇಳೀತೀನಿ.”

“ಶನಿವಾರ ಬೆಳಿಗ್ಗೆ ಮಣ್ಣು ಅಂದ್ರು ಮಗಾ.”

“ಅತ್ತೆಗೆ ಹೇಳಮ್ಮಾ… ನಾನು ಹೊರಡೋದು ತಡ ಆಗಿಲ್ಲ, ದಾರಿನೇ ಅಷ್ಟುದ್ದ ಅಂತ ಹೇಳು. ಇಲ್ಲಿಂದ ಸಿಡ್ನಿಗೆ ಬಂದ್ರೆ ಅರ್ಧ ದಾರಿನೂ ಆಗಲ್ಲ. ಮೇಲೆ ಗಡಿಯಾರ ಬೇರೆ ನನಗೆ ವಿರುದ್ಧ. ನಿಮಗೆ ಸಂಜೆ ಐದಾದಾಗ ನನಗಿನ್ನೂ ಮಧ್ಯಾಹ್ನ ಹನ್ನೆರಡು. ಸೂರ್ಯ ಹುಟ್ಟೋ ಕಡೆಗೆ ಹಾರ್ತಾ ಹಾರ್ತಾ ಆ ಐದು ಗಂಟೆ ಹೋಗಿಬಿಡುತ್ತೆ. ಅಪ್ಪನ ಮುಖ ಒಂದ್ಸಲ ನೋಡ್ಬೇಕಮ್ಮಾ. ಮಣ್ಣು ಮುಚ್ಚಿದ ಮೇಲೆ ಬಂದು ನಾನೇನು ಮಾಡ್ಲಿ?”

ಶನಿವಾರ ರಾತ್ರಿ ಕಳೆದರೆ ಭಾನುವಾರ. ಭಾನುವಾರ ನಮ್ಮ ಆಕಾಶದಲ್ಲಿ ಹಕ್ಕಿ ಬಿಟ್ಟು ಬೇರೇನೂ ಹಾರುವುದಿಲ್ಲ. ಅದು ದೇವರ ದಿನವೆಂದು ಕಾನೂನೇ ಇದೆ; ವಿಮಾನ ಇಳಿಯುವಂತಿಲ್ಲ, ಗುದ್ದಲಿ ಎತ್ತುವಂತಿಲ್ಲ. ಅಂದರೆ ಸೇನಿಗಾಗಿ ಕಾಯುವುದೆಂದರೆ ಸೋಮವಾರದವರೆಗೆ ಕಾಯುವುದು. ಆಸ್ಪತ್ರೆಯ ಶೀತಕೋಣೆಯಲ್ಲಿ ದೇಹಕ್ಕೇನೂ ಆಗುತ್ತಿರಲಿಲ್ಲ. ಊರಿನಲ್ಲಿ ಎಷ್ಟೋ ಮನೆಯವರು ವಾರವಿಡೀ ಕಾದದ್ದಿದೆ. ಫೂಸಿ ಧೈರ್ಯ ತಂದುಕೊಂಡು ಮತ್ತೆ ಒಳಗೆ ಹೋದಳು. ಪಾದ್ರಿಯವರು ಬಂದು ಕೂತಿದ್ದರು. ಅವರಾದರೂ ಕೇಳಿಸಿಕೊಂಡಾರು ಎಂದು ಮಗಳು ಹೇಳಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದಳು.

“ಸೋಮವಾರವಾ?” ಲವಿನಿಯಾ ಬೀಸಣಿಗೆಯನ್ನು ತೊಡೆಯ ಮೇಲೆ ಇಟ್ಟಳು. “ಸೆಮಿಸಿ ಶನಿವಾರ ಸಂಜೆ ವಿಮಾನಕ್ಕೆ ವಾಪಸ್ ಹೋಗ್ಬೇಕು. ಸೋಮವಾರ ಅವನಿಗೆ ಕೆಲಸ ಇದೆ. ಫಹುವಿನ ಮಗ ಕೆಲಸ ಬಿಟ್ಟು ಕೂರ್ಬೇಕು, ಯಾಕೆ, ನಿನ್ನ ರಾಣಿ ನಿಧಾನಕ್ಕೆ ಬರ್ತಾಳೆ ಅಂತ?”

“ನಿಧಾನ ಅಲ್ಲ ಅಕ್ಕಾ, ಅರ್ಧ ಭೂಮಿ…”

“ನನಗೆ ಭೂಗೋಳ ಪಾಠ ಹೇಳ್ಬೇಡ. ಆಸ್ಟ್ರೇಲಿಯಾದಿಂದ ಇಲ್ಲಿಗೆ ಎಷ್ಟು ಹೊತ್ತು ಅಂತ ನನಗೆ ಗೊತ್ತು. ಪಾದ್ರಿಯವರೇ, ನೀವೇ ಹೇಳಿ. ಮಾತು ಯಾರದ್ದು?”

ಪಾದ್ರಿಯವರು ಗಂಟಲು ಸರಿಮಾಡಿಕೊಂಡರು. “ಫಹುವಿನ ಮಾತೇ ಮಾತು,” ಎಂದು ಹೇಳಿ ಚಹಾದ ಬಟ್ಟಲಿಗೆ ಮುಖ ಬಗ್ಗಿಸಿದರು.

ಎಂಥ ನ್ಯಾಯ ಇದು! ಹೆತ್ತ ಮಗಳ ಕಣ್ಣೀರಿಗಿಂತ ಒಬ್ಬನ ವಾಪಸು ಟಿಕೆಟ್ಟು ದೊಡ್ಡದಾಯಿತು. ಭೂಮಿ ಯಾರ ಅಪ್ಪಣೆಯಿಂದಲೂ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ವಿಮಾನ ತನ್ನ ವೇಗದಲ್ಲೇ ಹಾರುತ್ತದೆ, ದಿನ ತನ್ನ ಹೊತ್ತಿಗೇ ಉರುಳುತ್ತದೆ. ಆದರೆ ಆ ಕೋಣೆಯಲ್ಲಿ ಕೂತ ಹತ್ತಾರು ಜನ, ದೂರವೆಂಬುದು ಲವಿನಿಯಾ ಹೇಳಿದಷ್ಟೇ ಎಂದು ಒಪ್ಪಿಕೊಂಡು ಚಹಾ ಕುಡಿದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಬಾಯಿ ಬಿಡುವವರೂ ಇರಲಿಲ್ಲ.

ಫೂಸಿ ಅಳಲಿಲ್ಲ. ಎದ್ದು ಹಿತ್ತಲಿಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಸೆಮಿಸಿ ಬಂದಿಳಿದ. ಆಕ್ಲೆಂಡಿನಲ್ಲಿ ಮನೆಗಳಿಗೆ ಬಣ್ಣ ಹಚ್ಚುವ ಕೆಲಸ ಅವನದು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣವಿತ್ತು. ಮಾವನೆಂದರೆ ಅವನಿಗೆ ಜೀವ. ಚೀಲ ಇಟ್ಟವನೇ ಹಿತ್ತಲಲ್ಲಿ ಅತ್ತೆ ಫೂಸಿಯನ್ನು ಹುಡುಕಿಕೊಂಡು ಹೋದ. ಹೋದವನು ಅಲ್ಲೇ ನಿಂತ.

ಹಿತ್ತಲಲ್ಲಿ ಆ ಹೊತ್ತಿಗೆ ಹೊಗೆ ಎದ್ದಿರಬೇಕಿತ್ತು. ಮರುದಿನದ ಊಟಕ್ಕೆ ಹಂದಿ ಕೊಯ್ದು, ಗೆಣಸು ಕೆರೆದು, ಕೆಸುವಿನ ಎಲೆಗೆ ತೆಂಗಿನ ಹಾಲು ಸುರಿದು ಕಟ್ಟುವ ಗದ್ದಲವಿರಬೇಕಿತ್ತು. ಅಡುಗೆಯ ಗುಂಡಿ ಬರಿದಾಗಿ ಬಾಯ್ದೆರೆದಿತ್ತು. ಕಾಯಿಸಬೇಕಾದ ಕಲ್ಲುಗಳು ತಣ್ಣಗೆ ರಾಶಿ ಬಿದ್ದಿದ್ದವು, ಹಂದಿಗಳು ದೀವಿಹಲಸಿನ ಮರದ ಬುಡದಲ್ಲಿ ಜೀವಂತವಾಗಿ ಗುಟುರು ಹಾಕುತ್ತಿದ್ದವು. ಫೂಸಿಯ ತಮ್ಮ ಹೊಸೆಯಾ ಮತ್ತು ಅವಳ ಕಡೆಯ ಗಂಡಸರು ಕೈಕಟ್ಟಿ ಕೂತಿದ್ದರು. ಆ ಕಲ್ಲಿನ ರಾಶಿಯ ಮೇಲೆ ಫೂಸಿ ಕೂತಿದ್ದಳು.

“ಇದೇನತ್ತೆ?” ಎಂದ ಸೆಮಿಸಿ.

ಉತ್ತರ ಬರುವ ಮೊದಲೇ ಹಿಂಬಾಗಿಲಲ್ಲಿ ಲವಿನಿಯಾ ಕಾಣಿಸಿಕೊಂಡಳು. ಫಹು ಅಡುಗೆಯ ಜಾಗಕ್ಕೆ ಕಾಲಿಡುವುದಿಲ್ಲ. ಅವಳೂ ಹೊಸ್ತಿಲಲ್ಲೇ ನಿಂತಳು.

“ಹೊಸೆಯಾ, ಬೆಂಕಿ ಎಲ್ಲೋ?”

“ಅಕ್ಕ ಹಚ್ಚಬೇಡ ಅಂದಿದಾಳೆ,” ಎಂದ ಹೊಸೆಯಾ, ನೆಲ ನೋಡುತ್ತ.

“ಫೂಸಿ, ಹುಚ್ಚು ಹಿಡಿದಿದೆಯಾ ನಿನಗೆ?”

“ಇಲ್ಲ ಅಕ್ಕಾ.” ಫೂಸಿ ಕಲ್ಲಿನ ರಾಶಿಯಿಂದ ಏಳಲಿಲ್ಲ. “ಮಣ್ಣು ಯಾವಾಗ ಅನ್ನೋದು ನಿಮ್ಮ ಮಾತು. ನಾನು ಎದುರಾಡಲ್ಲ. ಶನಿವಾರ ಅಂದ್ರೆ ಶನಿವಾರ. ತಲೆ ನಿಮ್ಮದು, ಬೆಂಕಿ ನನ್ನದು. ಇಷ್ಟು ವರ್ಷ ನಿಮ್ಮ ಮನೆಯ ಪ್ರತಿಯೊಂದು ಸಾವಿಗೆ, ಮದುವೆಗೆ ಈ ಗುಂಡಿಯಲ್ಲಿ ಬೇಯಿಸಿ ಹಾಕಿದೀನಿ. ಒಂದು ಸಲನೂ ಹೊತ್ತು ತಪ್ಪಿಲ್ಲ. ಈ ಸಲ ಬೆಂಕಿ ಸೋಮವಾರ ಹತ್ತುತ್ತೆ.”

“ಇಡೀ ಊರು ಬರುತ್ತೆ ನಾಳೆ. ಈ ನೆಲದ ಒಡೆಯರ ಕಡೆಯವರು ಬರ್ತಾರೆ. ಅವರಿಗೇನು ಹಾಕ್ಲಿ?”

“ಅಂಗಡಿಯಲ್ಲಿ ಬ್ರೆಡ್ಡಿದೆ.”

ಹೊಸೆಯಾನ ಪಕ್ಕದಲ್ಲಿದ್ದವನೊಬ್ಬ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ. ಲವಿನಿಯಾಳ ಮುಖ ಕಪ್ಪಿಟ್ಟಿತು. ತಮ್ಮನ ಮಣ್ಣಿಗೆ ಬಂದವರನ್ನು ಬ್ರೆಡ್ಡು ಕೊಟ್ಟು ಕಳಿಸಿದ ಫಹು ಎಂಬ ಹೆಸರು ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಒಬ್ಬ ಮಗಳಿಗೋಸ್ಕರ ಇಷ್ಟೆಲ್ಲ,” ಎಂದಳು ಹಲ್ಲು ಕಚ್ಚಿ.

“ಹೌದು, ಒಬ್ಬ ಮಗಳಿಗೋಸ್ಕರ. ಇನ್ನೊಬ್ಬಳಿಲ್ಲ ನನಗೆ. ಅವಳೀಗ ಸಿಡ್ನಿಯಲ್ಲಿ ನೆಲದ ಮೇಲೆ ಮಲಗಿದಾಳೆ, ನಾಳೆ ವಿಮಾನಕ್ಕೆ ಕಾಯ್ತಾ. ನೀವು ಸಿಡ್ನಿ ಹತ್ರ ಅಂತೀರಿ. ಅವಳು ಸಿಡ್ನಿಗೆ ಬರೋದಕ್ಕೇ ಸಿಡ್ನಿಯಿಂದ ಟೊಂಗಾಕ್ಕೆ ಇರೋವಷ್ಟು ದೂರ ಬಂದಾಗಿದೆ ಅಕ್ಕಾ. ಅದನ್ನ ಒಂದು ದಿನಾನಾದ್ರೂ ಕೇಳಿದ್ರಾ? ಬಂದ ದಾರಿ ಎಷ್ಟು ಅಂತ ಯಾರೂ ಕೇಳ್ಲಿಲ್ಲ. ತಡವಾಗಿ ಬಂದ್ಲು ಅಂತ ಮಾತ್ರ ಇಷ್ಟು ವರ್ಷ ಹೇಳ್ಕೊಂಡು ತಿರುಗಿದ್ರಿ.”

ಲವಿನಿಯಾಳ ದನಿ ತೀರ ಮೆತ್ತಗಾಯಿತು. ಅದು ಕರುಣೆಯ ಮೆದುತನವಾಗಿರಲಿಲ್ಲ.

“ಆಯ್ತು. ಸೋಮವಾರ. ನಿನ್ನ ಮಗಳು ನೋಡ್ಲಿ. ಆದ್ರೆ ಬೆಂಕಿ ನಂದು ಅಂದ್ಯಲ್ಲ? ಹಾಗಾದ್ರೆ ಬೆಂಕಿ ಹತ್ರನೇ ಇರು. ಮಣ್ಣು ಮುಗಿಯೋ ತನಕ ನೀನು ಒಳಗೆ ಕಾಲಿಡೋ ಹಾಗಿಲ್ಲ. ತಲೆ ಹತ್ರ ಬರೋದು ಬೇಡ, ಕಾಲ ಹತ್ರನೂ ಬೇಡ. ಕೊನೆ ಮುತ್ತು ಕೊಡೋ ಹೊತ್ತಿಗೂ ಬೇಡ. ಇದು ಫಹುವಿನ ಮಾತು.”

“ಅಮ್ಮಾ,” ಎಂದ ಸೆಮಿಸಿ.

“ನೀನು ಸುಮ್ನಿರು.”

ಫೂಸಿ ಮನೆಯ ಕಡೆ ನೋಡಿದಳು, ಮರದ ಬುಡದ ಹಂದಿಗಳ ಕಡೆ ನೋಡಿದಳು. ಮೂವತ್ತೊಂದು ವರ್ಷ ಬಾಳಿದ ಗಂಡನ ಹಣೆಗೆ ಮೂಗು ತಾಗಿಸಿ ಬೀಳ್ಕೊಡುವ ಆ ಒಂದು ಗಳಿಗೆ… ಅದಷ್ಟೇ ಅವಳಿಗೆ ಉಳಿದದ್ದು. ಅದನ್ನೂ ತಕ್ಕಡಿಗೆ ಹಾಕಿಸಿದರು.

“ಆಗ್ಲಿ ಅಕ್ಕಾ,” ಎಂದಳು.

ಶನಿವಾರ ಸಂಜೆ ಮನಾಸೆಯ ದೇಹ ಮನೆಗೆ ಬಂತು. ಆಕ್ಲೆಂಡಿಗೆ ಹೋಗುವ ವಿಮಾನ ಮನೆಯ ಮಾಡಿನ ಮೇಲೆಯೇ ಏರಿ ಹೋಯಿತು, ಸೆಮಿಸಿ ಅದರಲ್ಲಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಸಿಡ್ನಿಯ ವಿಮಾನ ಇಳಿಯಿತು. ಸೇನಿಯನ್ನು ಅವನೇ ಕರೆತಂದ. ಕಾರಿನಿಂದ ಇಳಿದವಳ ಕಣ್ಣುಗಳು ಬಾತುಕೊಂಡಿದ್ದವು, ಸೊಂಟದ ಚಾಪೆ ಒಂದು ಬದಿಗೆ ಜಾರಿತ್ತು. ಬಾಗಿಲಲ್ಲಿ ಅಮ್ಮನನ್ನು ಕಾಣದೆ ಅವಳು ಸುತ್ತ ನೋಡಿದಳು.

“ಹಿತ್ತಲಲ್ಲಿ,” ಎಂದ ಸೆಮಿಸಿ. ಹೇಗೆ ಹೇಳಬೇಕೆಂದು ತಿಳಿಯದೆ, ನಡೆದದ್ದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ.

ಸೇನಿ ಮುಂಬಾಗಿಲು ಬಿಟ್ಟು ಮನೆಯನ್ನು ಬಳಸಿಕೊಂಡು ಹಿತ್ತಲಿಗೆ ಓಡಿದಳು. ಅಮ್ಮನ ಕುತ್ತಿಗೆಗೆ ಬಿದ್ದು ಇಬ್ಬರೂ ಅಳುವಾಗ, ಹೊಸೆಯಾ ಎದ್ದು ಬೆನ್ನು ತಿರುಗಿಸಿ ನಿಂತ.

“ನಾನು ಒಳಗೆ ಹೋಗಲ್ಲಮ್ಮಾ. ನಿನ್ನ ಹೊರಗಿಟ್ಟು ನಾನು ಅಪ್ಪನ ಮುಖ ನೋಡ್ಲಾ? ನಿನ್ನ ಜೊತೆ ಇಲ್ಲೇ ಇರ್ತೀನಿ.”

ಫೂಸಿ ಮಗಳ ಎರಡೂ ಭುಜ ಹಿಡಿದು ದೂರ ಸರಿಸಿದಳು. ಆ ಕಣ್ಣುಗಳಲ್ಲಿ ಆಗ ನೀರಿರಲಿಲ್ಲ, ಸಿಟ್ಟಿತ್ತು.

“ನೀನು ಹೋಗ್ದೆ ಇದ್ರೆ ನಾನು ಬಿಟ್ಟುಕೊಟ್ಟಿದ್ದು ಯಾರಿಗೋಸ್ಕರ? ಏಳು ಸಾವಿರ ಕಿಲೋಮೀಟರು ಬಂದಿದೀಯ. ಇನ್ನು ಈ ಅಂಗಳ ದಾಟೋದಷ್ಟೇ. ಮುಖ ತೊಳ್ಕೋ, ಚಾಪೆ ಸರಿಮಾಡ್ಕೋ, ಹೋಗು. ಅಪ್ಪನಿಗೆ ನಾನು ಇಲ್ಲೇ ಇದೀನಿ ಅಂತ ಹೇಳು. ಬೇಯಿಸ್ತಿದಾಳೆ ಅಂದ್ರೆ ನಂಬ್ತಾರೆ.”

ಸೇನಿ ಒಳಗೆ ಹೋಗಿ ಅಪ್ಪನ ಕಾಲ ಬಳಿ, ಮಕ್ಕಳು ಕೂರಬೇಕಾದ ಕಡೆ ಕೂತಳು. ತೊಗಟೆಬಟ್ಟೆಯ ಮೇಲೆ ಮಲಗಿದ್ದ ಅಪ್ಪ ಸಣ್ಣಗಾಗಿದ್ದ. ಅಳುವವರ ದನಿ ಏರಿ ಇಳಿದು ಸ್ವಲ್ಪ ಶಾಂತವಾದಾಗ, ತಲೆಯ ಬಳಿ ಕೂತಿದ್ದ ಲವಿನಿಯಾ ಕೇಳಿದಳು:

“ಸಿಡ್ನಿ ವಿಮಾನ ತಡವಾಯ್ತಾ?”

“ಇಲ್ಲ ಅತ್ತೆ. ಸರಿಯಾದ ಹೊತ್ತಿಗೇ ಬಂತು. ನಾನು ಹೊರಟಿದ್ದು ಗುರುವಾರ.”

ಲವಿನಿಯಾಳ ಬೀಸಣಿಗೆ ಒಂದು ಗಳಿಗೆ ನಿಂತಿತು. ಮೂಲೆಯಲ್ಲಿದ್ದ ಸೆಮಿಸಿ, ಕೇಳುವವರೆಲ್ಲ ಕೇಳಲಿ ಎಂಬಂತೆ ಹೇಳಿದ: “ನಾನು ಆಕ್ಲೆಂಡಿಂದ ಬಂದ ದಾರಿ ಇದೆಯಲ್ಲಮ್ಮಾ, ಅಂಥಾ ಮೂರು ದಾರಿ ಒಂದಕ್ಕೊಂದು ಕಟ್ಟಿದ್ರೂ ಇವಳು ಬಂದ ದಾರಿ ಆಗಲ್ಲ. ತಂಗಿ ಮದುವೆಗೂ ಹೀಗೇ ಅಲ್ವಾ ಅವಳು ಬಂದಿದ್ದು?”

ಲವಿನಿಯಾ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹಾಡು ಶುರುವಾಯಿತು.

ಸೋಮವಾರ ಬೆಳಿಗ್ಗೆ ಹಿತ್ತಲ ಗುಂಡಿಯಲ್ಲಿ ಕಲ್ಲುಗಳು ಕೆಂಪಗೆ ಕಾದಿದ್ದವು. ಫೂಸಿ ಮೊಣಕೈವರೆಗೆ ಬೂದಿಯಾಗಿ ಎಲೆಗಂಟುಗಳನ್ನು ಇಳಿಬಿಡುತ್ತಿದ್ದಳು. ಒಳಗೆ ಬೀಳ್ಕೊಡುವ ಹೊತ್ತಾಯಿತು. ಒಬ್ಬೊಬ್ಬರಾಗಿ ಬಗ್ಗಿ ಮನಾಸೆಗೆ ಮುತ್ತಿಟ್ಟರು. ನೆರೆಯವರು ಇಟ್ಟರು, ಅವನ ಹೆಸರು ನೆಟ್ಟಗೆ ಗೊತ್ತಿಲ್ಲದ ದೂರದ ನೆಂಟರು ಇಟ್ಟರು, ಪಾದ್ರಿಯವರು ಇಟ್ಟರು. ಹೆಂಡತಿ ಮಾತ್ರ ಗೋಡೆಯಾಚೆ ಕಲ್ಲು ಹೊರಳಿಸುತ್ತಿದ್ದಳು. ಇಡೀ ಊರು ಅದನ್ನು ಕಂಡಿತು. ಇಡೀ ಊರು ಕೈಕಟ್ಟಿ ನಿಂತಿತು. ಪೆಟ್ಟಿಗೆಯ ಮುಚ್ಚಳ ಇಟ್ಟು ತಿರುಪು ಬಿಗಿದರು, ಬಿಳಿಯ ತೊಗಟೆಬಟ್ಟೆ ಹೊದಿಸಿದರು. ಸೆಮಿಸಿ ಮತ್ತು ಐದು ಜನ ಹೆಗಲು ಕೊಟ್ಟರು.

ಅಂಗಳಕ್ಕೆ ಇಳಿದ ಮೇಲೆ ರಸ್ತೆಯ ಕಡೆ ಬಲಕ್ಕೆ ತಿರುಗಬೇಕು. ಮುಂದಿದ್ದ ಸೆಮಿಸಿ ಎಡಕ್ಕೆ ತಿರುಗಿದ. ಹಿಂದಿನವರು ತಡವರಿಸಿದರು.

“ಸೆಮಿಸಿ, ದಾರಿ ಈ ಕಡೆ,” ಎಂದಳು ಲವಿನಿಯಾ.

“ನನಗೆ ಗೊತ್ತು.”

“ನಾನು ಹೇಳಿದ್ದು ನೆನಪಿಲ್ವಾ?”

“ಇದೆ ಅಮ್ಮಾ. ಅತ್ತೆ ಒಳಗೆ ಬರ್ಬಾರದು ಅಂದ್ರಿ, ಬರ್ಲಿಲ್ಲ. ಮಾವ ಹೊರಗೆ ಹೋಗ್ಬಾರದು ಅಂತ ನೀವು ಹೇಳಿಲ್ಲ.” ಅವನು ತಿರುಗಿ ನೋಡಲಿಲ್ಲ. “ಮಾವನ ಅಕ್ಕನ ಮಗ ನಾನು. ಫಹುವಿನ ಹಕ್ಕು ಅವಳ ಮಕ್ಕಳಿಗೂ ಬರುತ್ತೆ. ನನಗೂ ಈ ಮನೇಲಿ ನಿಮ್ಮಷ್ಟೇ ಹಕ್ಕಿದೆ. ಇದುವರೆಗೆ ಉಪಯೋಗಿಸಿರಲಿಲ್ಲ, ಅಷ್ಟೇ. ನಡೀರಪ್ಪಾ.”

ಆರು ಜನರೂ ನಡೆದರು. ಮೆರವಣಿಗೆ, ಹಿತ್ತಾಳೆಯ ವಾದ್ಯದವರು, ಪಾದ್ರಿ, ಒಡೆಯರ ಕಡೆಯವರು, ಎಲ್ಲರೂ ಏನೆಂದು ತಿಳಿಯದೆ ಹಿಂಬಾಲಿಸಿ, ಹಂದಿಯ ಬೇಲಿ ದಾಟಿ, ಹೊಗೆಯೊಳಗೆ ಬಂದರು. ಕಣ್ಣು ಉರಿದು ನೀರು ಬಂದವರೂ ಇದ್ದರು, ಹೊಗೆಯ ನೆಪದಲ್ಲಿ ಅತ್ತವರೂ ಇದ್ದರು. ಸೆಮಿಸಿ ಪೆಟ್ಟಿಗೆಯನ್ನು ಗುಂಡಿಯ ಪಕ್ಕ, ತೆಂಗಿನ ಗರಿಗಳ ಮೇಲೆ ಇಳಿಸಿದ.

ಮುಚ್ಚಳ ಬಿಗಿದಾಗಿತ್ತು. ಮುಖ ಇನ್ನು ಕಾಣುವಂತಿರಲಿಲ್ಲ. ಫೂಸಿ ಮಂಡಿಯೂರಿ, ಬೂದಿಯ ಎರಡೂ ಕೈಯನ್ನು ಆ ಬಿಳಿಯ ಬಟ್ಟೆಯ ಮೇಲೆ, ಗಂಡನ ಎದೆ ಇರಬಹುದಾದ ಕಡೆ ಇಟ್ಟಳು. ಹಣೆ ತಾಗಿಸಿದಳು. ಏನೋ ಹೇಳಿದಳು; ಅದು ಸೇನಿಗೂ ಕೇಳಿಸಲಿಲ್ಲ. ಅವಳು ಎದ್ದಾಗ ಬಟ್ಟೆಯ ಮೇಲೆ ಹತ್ತು ಬೆರಳೂ ಕಪ್ಪಗೆ ಮೂಡಿದ್ದವು.

ಒಬ್ಬ ಹೆಂಗಸು ಗಾಬರಿಯಿಂದ ಬಟ್ಟೆಯ ಅಂಚು ಒದ್ದೆಮಾಡಿಕೊಂಡು ಒರೆಸಲು ಮುಂದೆ ಬಂದಳು. ಒಡೆಯರ ಕಡೆಯವರು ನೋಡುತ್ತಿದ್ದರಲ್ಲ.

ಲವಿನಿಯಾ ಆ ಬೆರಳುಗಳನ್ನೇ ನೋಡುತ್ತ, ಅಡುಗೆಯ ನೆಲದ ಮೇಲೆ, ಬೂದಿಯ ಮೇಲೆ ನಿಂತಿದ್ದಳು.

“ಬಿಡು,” ಎಂದಳು. “ಒರೆಸ್ಬೇಡ.”

ನಂತರ ಪೆಟ್ಟಿಗೆ ಮೇಲೇಳುವಾಗ ಅವಳು ಮೆಲ್ಲನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಪೆಟ್ಟಿಗೆಯ ಹಿಂದೆ ಮೊದಲು ಫಹು ನಡೆಯಬೇಕು. ಅವಳು ನಡೆಯಲಿಲ್ಲ. ನಿಂತು ಕಾದಳು, ಫೂಸಿ ಮತ್ತು ಸೇನಿ ಮುಂದೆ ಹೋಗುವವರೆಗೆ.